ಕರ್ಫ್ಯೂ ಊರಿನಲ್ಲಿ ಒಂದು ಕ್ಯಾಮೆರಾ

1984ರ ಆಗಸ್ಟ್. ಹೈದರಾಬಾದಿನ ನಾಚಾರಂ. ರಾಮಕೃಷ್ಣ ಸ್ಟುಡಿಯೊದೊಳಗೆ ಶಾಸಕರ ಠಿಕಾಣಿ! ಮುಖ್ಯಮಂತ್ರಿ ಕುರ್ಚಿಯಿಂದ ಏಕಾಏಕಿ ಕೆಳಗಿಳಿಸಲ್ಪಟ್ಟ ಎನ್.ಟಿ. ರಾಮರಾವ್ ತಮ್ಮ ಬೆಂಬಲಿಗರನ್ನು ಸ್ವಂತ ಸ್ಟುಡಿಯೊದಲ್ಲೇ ಕಾಪಿಟ್ಟಿದ್ದಾರೆ. ಯಾರು ಎತ್ತ ಜಾರುತ್ತಾರೋ? ಅಲ್ಲೂ ಭದ್ರತೆಯಿಲ್ಲವೆಂದು ಅವರನ್ನು ರಾಮಕೃಷ್ಣ ಹೆಗಡೆಯವರ ಕರ್ನಾಟಕಕ್ಕೆ ಸಾಗಿಸಲಾಗುತ್ತದೆ. ದೇಶದ ಕಣ್ಣೆಲ್ಲ ಅವರ ಮೇಲೆ.

ಸೆಪ್ಟೆಂಬರ್ ಬಂತು. ಅತ್ತ ವಿಶ್ವಾಸಮತದ ಹಗ್ಗಜಗ್ಗಾಟ, ಇತ್ತ ಗಣೇಶ ಮೆರವಣಿಗೆ. ಹೈದರಾಬಾದಿನಲ್ಲಿ ಕೋಮುಗಲಭೆ ಭುಗಿಲೆದ್ದಿತು. ಚಾಕು, ಕಲ್ಲು, ಬೆಂಕಿ, ಕರ್ಫ್ಯೂ. ಸಿಕ್ಕಿಬಿದ್ದವರು ದಿನಗೂಲಿಯವರು, ಹೊರಗೆ ಹೋದರೆ ಲಾಠಿ, ಒಳಗಿದ್ದರೆ ಹಸಿವು. ಅವರ ಕಡೆಗೆ ಕ್ಯಾಮೆರಾ ತಿರುಗಿಸಿದವರು ಬೆಂಗಳೂರಿನ ಸಾಕ್ಷ್ಯಚಿತ್ರ ನಿರ್ದೇಶಕಿ ದೀಪಾ ಧನರಾಜ್. ಕ್ಯಾಮೆರಾ ಹಿಂದೆ ನವರೋಜ್ ಕಾಂಟ್ರಾಕ್ಟರ್, ಮಣಿ ಕೌಲ್ ಅವರ ‘ದುವಿಧಾ’ದ ಛಾಯಾಗ್ರಾಹಕ.

16 ಎಂಎಂ ಫಿಲ್ಮ್‌ನ ಕಾಲವದು. 400 ಅಡಿಯ ರೀಲು ಹನ್ನೊಂದೇ ನಿಮಿಷಕ್ಕೆ ಖಾಲಿ. ಮುಗಿದೊಡನೆ ಕಪ್ಪು ಚೀಲದೊಳಗೆ ಎರಡೂ ಕೈ ತೂರಿಸಿ, ಕಣ್ಣಿಗೆ ಕಾಣದೆಯೇ ತಡವಿ ಹೊಸ ರೀಲು ತುಂಬಬೇಕು. ಒಂದು ಎಳೆ ಬೆಳಕು ನುಗ್ಗಿತೋ, ಚಿತ್ರಿಸಿದ್ದೂ ಹೋಯಿತು. ಉನ್ಮತ್ತ ಗುಂಪಿನ ನಡುವೆ ಇದನ್ನು ಮಾಡಬೇಕೆಂದರೆ ಎಂಥ ಗುಂಡಿಗೆ ಬೇಕು! 1986ರಲ್ಲಿ ‘ಕ್ಯಾ ಹುವಾ ಇಸ್ ಶಹರ್ ಕೋ?’ ಸಿದ್ಧವಾಯಿತು. ಹಿಂಸೆ ತಾನಾಗಿ ಹುಟ್ಟುವುದಿಲ್ಲ, ಅದನ್ನು ಬೆಳೆಸುವವರಿದ್ದಾರೆ ಎಂದು ಅಷ್ಟು ಹತ್ತಿರದಿಂದ ತೋರಿಸಿದ ಚಿತ್ರಗಳು ನಮ್ಮಲ್ಲಿ ವಿರಳ.

ಈ ಎದೆಗಾರಿಕೆಯ ಬೇರು ನಮ್ಮ ನಿಪ್ಪಾಣಿಯಲ್ಲೂ ಇದೆ. 1980ರಲ್ಲಿ ದೀಪಾ ಮತ್ತು ಸಂಗಡಿಗರು ‘ಯುಗಾಂತರ್’ ಬಳಗ ಕಟ್ಟಿದರು. ಪುಣೆಯ ಮನೆಗೆಲಸದವರ ಕುರಿತ ‘ಮೋಲ್ಕರೀಣ್’ ಮುಗಿಸಿ ನಿಪ್ಪಾಣಿಗೆ ಬಂದರು. ಅಲ್ಲಿ ಬೀಡಿ ತಂಬಾಕಿನ ವಖಾರಿಗಳು. ಜರಡಿ ಹಿಡಿದ ಹೆಂಗಸರ ತಲೆ, ರೆಪ್ಪೆ, ಮೂಗಿನ ಹೊಳ್ಳೆಗಳಲ್ಲೆಲ್ಲ ಘಾಟು ಧೂಳು. ಮಾಲೀಕರ ದರ್ಬಾರಿಗೆ ಬಗ್ಗಿದ್ದ ಅವರೇ ಸಂಘ ಕಟ್ಟಿ ಮುಷ್ಕರಕ್ಕಿಳಿದಿದ್ದರು! ಬಳಗದವರು ಬಂದೊಡನೆ ಕ್ಯಾಮೆರಾ ಎತ್ತಲಿಲ್ಲ. ತಿಂಗಳುಗಟ್ಟಲೆ ಅವರೊಂದಿಗಿದ್ದು, ಕಷ್ಟ ಕೇಳಿ, ಹೊರಗಿನವರು ಕಂಡಿರದ ವಖಾರಿಯೊಳಗನ್ನು ಚಿತ್ರಿಸಿದರು. ಸಂಘ ಹುಟ್ಟಿದ ಗಳಿಗೆಗಳನ್ನು ಆ ಹೆಂಗಸರೇ ಮತ್ತೆ ಅಭಿನಯಿಸಿ ತೋರಿಸಿದರು. ಅದೇ 1982ರ ‘ತಂಬಾಕು ಚಾಕಿಲಾ ಊಬ್ ಆಲಿ’. ದೀಪಾ ಅವರ ಎಲ್ಲ ಚಿತ್ರಗಳ ಪೈಕಿ ನನಗೆ ಇದೇ ಮೇಲು: ಇಲ್ಲಿ ಯಾರೂ ಕೆಲಸಗಾರ್ತಿಯರ ಪರವಾಗಿ ಮಾತಾಡುವುದಿಲ್ಲ, ಅವರೇ ಗಟ್ಟಿಯಾಗಿ ಮಾತಾಡುತ್ತಾರೆ.

ಆಮೇಲೂ ಬಿಡುವಿಲ್ಲ. 1991ರಲ್ಲಿ ಕುಟುಂಬ ಯೋಜನೆಯ ಹೆಸರಿನಲ್ಲಿ ಹೆಂಗಸರ ಒಡಲ ಮೇಲೆ ನಡೆದ ದಬ್ಬಾಳಿಕೆಯ ಚಿತ್ರ, ‘ಸಮ್‌ಥಿಂಗ್ ಲೈಕ್ ಎ ವಾರ್’. 2016ರ ಜನವರಿ 17ರಂದು ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ತೀರಿಕೊಂಡಾಗ ಕ್ಯಾಮೆರಾ ಮತ್ತೆ ಹೈದರಾಬಾದಿಗೇ ಹೊರಟಿತು. ಕ್ಯಾಂಪಸ್‌ಗಳಲ್ಲಿ ಸಿಡಿದೆದ್ದ ದಲಿತ ವಿದ್ಯಾರ್ಥಿಗಳ ಚಿತ್ರ 2018ರಲ್ಲಿ ಬಂತು. ನವರೋಜ್ 2023ರ ಜೂನ್‌ನಲ್ಲಿ ಹೊಸೂರಿನ ಬಳಿ ಬೈಕ್ ಅಪಘಾತದಲ್ಲಿ ಅಗಲಿದರು. ಅವರು ಮತ್ತು ದೀಪಾ ಮಾಡಿದ ಕರ್ಫ್ಯೂ ಚಿತ್ರವನ್ನು ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆ ಜೀರ್ಣೋದ್ಧಾರ ಮಾಡಿ 2013ರಲ್ಲೇ ಮತ್ತೆ ತೆರೆಗೆ ತಂದಿತ್ತು. ನಿಪ್ಪಾಣಿಯ ಚಿತ್ರವನ್ನಾದರೂ ನಮ್ಮ ಕಾಲೇಜುಗಳು ಒಮ್ಮೆ ಮಕ್ಕಳಿಗೆ ತೋರಿಸಬೇಕು.