ಉಳಿಪೆಟ್ಟಿನ ಮೆಟ್ಟಿಲು

ನಮ್ಮ ಮನೆಯ ಮುಂಭಾಗವನ್ನು ನಾನು ಎರಡು ಸಲ ಕೆಡವಿ ಕಟ್ಟಿಸಿದ್ದೇನೆ. ಮೊದಲ ಸಲ ತಂಗಿಯ ಮದುವೆಗೆಂದು.

ಮಂಡ್ಯದ ಹತ್ತಿರದ ಊರು. ಎರಡಡಿ ಎತ್ತರದ ಜಗಲಿ, ಹತ್ತಲು ಮೂರು ಚಪ್ಪಡಿ ಮೆಟ್ಟಿಲು, ಸಗಣಿ ಸಾರಿಸಿದ ಅಂಗಳ, ಮೂಲೆಯಲ್ಲೊಂದು ಪಾರಿಜಾತ. ಆ ಕಪ್ಪಿಟ್ಟ ಕಲ್ಲುಗಳನ್ನು ನೋಡಿ ಬೀಗರು ಏನಂದುಕೊಂಡಾರೋ ಎಂಬ ಚಿಂತೆ ನನಗೆ. ಬೆಂಗಳೂರಲ್ಲಿ ಸಂಬಳ ಎಣಿಸುವ ಮಕ್ಕಳು ಊರಮನೆಗೆ ಮಾಡುವ ಮೊದಲ ಉಪಕಾರ ಸಾಮಾನ್ಯವಾಗಿ ಇಂಥದ್ದೇ. ಅವ್ವನನ್ನು ಕೇಳಿದೆ. "ನಿಂಗೆ ಸರಿ ಅನ್ಸಿದ್ದು ಮಾಡು ಮಗ" ಅಂದಳು. ಚಪ್ಪಡಿ ಕೀಳಿಸಿ, ಮುಖ ಕಾಣುವಷ್ಟು ಹೊಳೆಯುವ ಕರಿ ಗ್ರಾನೈಟ್ ಹಾಕಿಸಿದೆ. ಅಂಗಳಕ್ಕೆ ಇಂಟರ್‌ಲಾಕ್ ಇಟ್ಟಿಗೆ. ಕಿತ್ತ ಕಲ್ಲುಗಳನ್ನು ಹಿತ್ತಲಿಗೆ ಸಾಗಿಸುವಾಗ ಮೇಸ್ತ್ರಿ ಅವುಗಳ ಮೇಲಿನ ಉಳಿಪೆಟ್ಟಿನ ಗುಳಿಗಳನ್ನು ಸವರಿ, "ಇವು ಜಾರಾಕಿಲ್ಲ ಸಾ" ಎಂದಿದ್ದರು. ಹಳೆಯ ಕಾಲದವರ ಮಮತೆ ಎಂದುಕೊಂಡು ಸುಮ್ಮನಾದೆ.

ಮದುವೆಯ ಫೋಟೊಗಳಲ್ಲಿ ಮೆಟ್ಟಿಲು ಚೆನ್ನಾಗಿಯೇ ಬಂದಿದೆ.

ಮುಂದಿನ ಆಷಾಢದ ಒಂದು ಬೆಳಗ್ಗೆ, ಸೋನೆಮಳೆಯಲ್ಲಿ, ರಂಗೋಲಿ ಡಬ್ಬಿ ಹಿಡಿದು ಇಳಿಯುತ್ತಿದ್ದ ಅವ್ವ ಎರಡನೇ ಮೆಟ್ಟಿಲಲ್ಲಿ ಜಾರಿದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆದರೂ ನಡಿಗೆ ಮೊದಲಿನಂತಾಗಲಿಲ್ಲ; ಹೊರಗೆ ಬರಬೇಕೆಂದರೆ ಗಾಲಿಕುರ್ಚಿ. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ನೋಡಲು ಬಂದವರಿಗೆಲ್ಲ ಅವ್ವ "ನನ್ ಕಾಲೇ ಸರಿಯಿರ್ಲಿಲ್ಲ" ಎನ್ನುತ್ತಿದ್ದಳು. ನಲವತ್ತು ವರ್ಷ ಅದೇ ಜಾಗದಲ್ಲಿ, ಅಂಥದೇ ಮಳೆಯಲ್ಲಿ, ನಸುಕಿನ ಕತ್ತಲಲ್ಲಿ ಹತ್ತಿಳಿದ ಕಾಲು ಅದು.

ಇಳಿಜಾರು ಕಟ್ಟಿಸೋಣವೆಂದು ಹೊರಟಾಗ ಲೆಕ್ಕ ಗೊತ್ತಾಯಿತು. 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಅದಕ್ಕಿಂತ ಕಡಿದಾದರೆ ಹತ್ತಿಸುವಾಗ ತೋಳು ಸೋಲುತ್ತದೆ, ಇಳಿಸುವಾಗ ಕುರ್ಚಿ ಕೈಮೀರಿ ಓಡುತ್ತದೆ. ನಮ್ಮ ಜಗಲಿಗೆ 24 ಅಡಿ. ರಸ್ತೆಯವರೆಗೆ ಇರುವುದು 18. ಅಂದರೆ ನಡುವೆ ತಿರುವು, ತಿರುವಿನಲ್ಲಿ ಕುರ್ಚಿ ಹೊರಳಲು 5 ಅಡಿ ಚೌಕದ ಸಮತಟ್ಟು. ಮೇಸ್ತ್ರಿ ಸುಣ್ಣದಪುಡಿಯಲ್ಲಿ ಗುರುತು ಹಾಕಿದರು. ಆ ಚೌಕ ನೇರ ಪಾರಿಜಾತದ ಬುಡಕ್ಕೆ ಹೋಗಿ ಕೂತಿತು.

ಅವ್ವ ಕಿಟಕಿಯಿಂದ ನೋಡಿ, "ಕಡಿಸಿಬಿಡು ಮಗ, ಮರ ಏನ್ ದೊಡ್ಡದು" ಅಂದಳು. ಮೊದಲ ಸಲದ್ದೇ ದನಿ. ನೆಲಕ್ಕೆ ಬಿದ್ದ ಹೂವನ್ನೂ ದೇವರಿಗೆ ಏರಿಸಬಹುದಾದ ಮರ ಅದೊಂದೇ ಎಂದು ದಿನಾ ಬೆಳಗ್ಗೆ ಬಗ್ಗಿ ಆಯುತ್ತಿದ್ದವಳು. ಈ ಸಲ ನಾನು ಅವಳ ಒಪ್ಪಿಗೆಯನ್ನು ನಂಬಲಿಲ್ಲ. ಮರ ಬಿಟ್ಟು ಜಗಲಿಯ ಅರ್ಧ ಒಡೆಸಿದೆ. ಅಪ್ಪ ಮಧ್ಯಾಹ್ನ ಮಲಗುತ್ತಿದ್ದ ಅರ್ಧ. ಸುತ್ತಿಗೆ ಬಿದ್ದಾಗ ಕೆಂಪು ಗಾರೆ ಚಕ್ಕೆಚಕ್ಕೆಯಾಗಿ ಎದ್ದಿತು. ನಾನು ಅಲ್ಲಿ ನಿಲ್ಲದೆ ಟೀ ತರಲು ಹೋದೆ.

ಇಳಿಜಾರಿನ ಸಿಮೆಂಟು ಹಸಿಯಿರುವಾಗಲೇ ಮೇಸ್ತ್ರಿ ಕಡ್ಡಿಪೊರಕೆಯಲ್ಲಿ ಅಡ್ಡಗೆರೆ ಎಳೆದರು, ಗಾಲಿಗೂ ಕಾಲಿಗೂ ಹಿಡಿತ ಸಿಗಲೆಂದು. ಗ್ರಾನೈಟ್ ಕಿತ್ತು ಹಿತ್ತಲಿನ ಚಪ್ಪಡಿಗಳನ್ನು ವಾಪಸು ತಂದೆವು. ಒಂದು ಅಷ್ಟರಲ್ಲಿ ಬಟ್ಟೆ ಒಗೆಯುವ ಕಲ್ಲಾಗಿತ್ತು. ಅದನ್ನು ಕೇಳಲು ನನಗೇ ಸಂಕೋಚವಾಯಿತು.

ಅವ್ವ ಬೇಡ ಅಂದದ್ದು ಒಂದಕ್ಕೆ ಮಾತ್ರ: ಹೊಸ್ತಿಲು ಕತ್ತರಿಸುವುದಕ್ಕೆ. ಹಿರಣ್ಯಕಶಿಪುವನ್ನು ಕೊಲ್ಲಲು ನರಸಿಂಹನಿಗೇ ಹೊಸ್ತಿಲು ಬೇಕಾಯಿತಲ್ಲ, ಇನ್ನು ನಾನು ಯಾರು! ಬಡಗಿಯಿಂದ ಆಚೆ ಈಚೆ ಇಡುವ ಎರಡು ಓರೆ ಹಲಗೆ ಮಾಡಿಸಿದೆ. ಅಲ್ಲಿ ಮಾತ್ರ ಹಿಂದಿನಿಂದ ಯಾರಾದರೂ ತಳ್ಳಲೇಬೇಕು. ಶುಕ್ರವಾರ ಹಲಗೆ ಎತ್ತಿಟ್ಟು ಹೊಸ್ತಿಲಿಗೆ ಅರಿಶಿನ ಹಚ್ಚುತ್ತಾರೆ.

ಮೊದಲ ದಿನ ಕೆಳಗಿಳಿದ ಅವ್ವ ಇಂಟರ್‌ಲಾಕನ್ನೇ ನೋಡುತ್ತ ಕೂತಳು. "ಇದ್ರ ಸಂದೀಲಿ ಪುಡಿಯೆಲ್ಲ ಇಳ್ದೋಯ್ತದೆ ಮಗ. ಎಳೆ ನಿಲ್ಲಾಕಿಲ್ಲ." ಹಾಕಿಸಿದಂದಿನಿಂದ ಒಮ್ಮೆಯೂ ಹೇಳಿರಲಿಲ್ಲ.

ಸಂಜೆ ಇಳಿಜಾರಿನ ಬುಡದಿಂದ ಪಾರಿಜಾತದವರೆಗಿನ ಇಟ್ಟಿಗೆ ಎಬ್ಬಿಸಿ ಮಣ್ಣು ಹಾಕಿ ಬಡಿದೆ. ಮಾರನೆಯ ಬೆಳಗ್ಗೆ ಪಕ್ಕದ ಮನೆಯ ಹುಡುಗಿ ಸಗಣಿ ಸಾರಿಸಿ ರಂಗೋಲಿಗೆ ಕೂತಿತು. ಅವ್ವ ಕುರ್ಚಿಯಲ್ಲಿ ಕೂತೇ ಚುಕ್ಕಿ ಹೇಳಿಕೊಟ್ಟಳು. ಹುಡುಗಿ ಒಂದು ಸಾಲು ತಪ್ಪಿಟ್ಟಿತು. ಅವ್ವ ಬೈದಳು, ಬಹಳ ದಿನಗಳ ಮೇಲೆ, ರಸ್ತೆಗೆಲ್ಲ ಕೇಳುವಂತೆ.