ದುರ್ಗದ ಸೀಮೆಯ ದಾಳಿಂಬೆ

ಚಿತ್ರದುರ್ಗಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಕೋಟೆಕೊತ್ತಲಗಳ ವರ್ಣನೆಯನ್ನೇ ಮಾಡುವರು. ನಾನು ಹೇಳಹೊರಟಿರುವುದು ಹಣ್ಣಿನ ವಿಷಯ. ಕಳೆದ ಮಾಘಮಾಸದಲ್ಲಿ ಹೊಳಲ್ಕೆರೆಯ ಅಡಕೆ ತೋಟಗಳನ್ನು ಹಾದು ಹೊಸದುರ್ಗದ ಸೀಮೆಯಲ್ಲಿ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ಎರಡು ದಿನ ತಂಗಿದ್ದೆನು. ಅವನದು ದಾಳಿಂಬೆಯ ತೋಟ.

ಅಮರಸಿಂಹನು ಈ ಹಣ್ಣಿಗೆ ಕರಕ, ದಾಡಿಮ ಎಂಬ ಹೆಸರುಗಳನ್ನು ಕೊಟ್ಟಿರುವನು. ದಾಳಿಂಬೆಯೆಂಬುದು ದಾಡಿಮದಿಂದಲೇ ಬಂದುದು. ಹೆಸರು ಬಲ್ಲವನಿಗೆ ಗಿಡದ ಮರ್ಮವೂ ತಿಳಿದಿರಬೇಕೆಂಬ ನಿಯಮವಿಲ್ಲವಷ್ಟೆ! ಶಿಷ್ಯನೇ ಅಂದು ನನಗೆ ಉಪಾಧ್ಯಾಯನಾದನು.

ಅವನು ಬೆಳೆಸಿರುವುದು ‘ಭಗವಾ’ ಎಂಬ ಕೇಸರಿಗೆಂಪು ಸಿಪ್ಪೆಯ ಜಾತಿ. ಈ ಗಿಡಕ್ಕೆ ಕೆಲಕಾಲ ನೀರು ನಿಲ್ಲಿಸಿ, ಎಲೆಯುದುರಿಸಿ, ಸವರಿ, ಬಳಿಕ ಗೊಬ್ಬರ ನೀರುಗಳನ್ನಿತ್ತರೆ ತೋಟವೆಲ್ಲ ಒಮ್ಮೆಲೇ ಹೂಬಿಡುವುದು. ಅಂಬೆ, ಮೃಗ, ಹಸ್ತವೆಂದು ಹೂವಿನ ಕಾಲಗಳು ಮೂರು. ಹಸ್ತದ ಹೂವಾದರೆ ಕಾಯಿ ಒಣಹವೆಯಲ್ಲಿ ಬಲಿಯುವುದು. ಆದರೆ ಈ ಸೀಮೆಯಲ್ಲಿ ಹಿಂಗಾರಿನ ಮಳೆ ಆ ಹೂವಿನ ಮೇಲೆಯೇ ಸುರಿಯುವುದುಂಟು. ಹೂವಿನಿಂದ ಕೊಯ್ಲಿಗೆ ಸುಮಾರು 150ರಿಂದ 180 ದಿನಗಳು. ಮಾವು ಬಾಳೆಗಳಂತೆ ಇದು ಕಿತ್ತಮೇಲೆ ಹಣ್ಣಾಗುವುದಿಲ್ಲ. ಅವಸರಪಟ್ಟು ಕಿತ್ತ ಕಾಯಿ ಹಡಗನ್ನೇರಿದರೂ ಹುಳಿಯೇ. ಒಣಗಿದ ನೆಲಕ್ಕೆ ಒಮ್ಮೆಲೇ ನೀರು ಹರಿದರೆ ಒಳಗಿನ ಬೀಜವುಬ್ಬಿ, ಬಿಗಿದ ಸಿಪ್ಪೆ ಬಿರಿಯುವುದು. ಆದಕಾರಣ ಅವನದು ಹನಿನೀರಾವರಿ.

ಎಲ್ಲಕ್ಕಿಂತ ಘೋರವಾದುದು ದುಂಡಾಣು ಅಂಗಮಾರಿ. ಬೆಚ್ಚಗಿನ ತೇವದಲ್ಲಿ ಸಿಪ್ಪೆಯ ಮೇಲೆ ಎಣ್ಣೆ ಬಿದ್ದಂತಹ ಕಪ್ಪು ಚುಕ್ಕೆ ಮೂಡಿ, ಕ್ರಮೇಣ ಅಲ್ಲಿಯೇ ಸೀಳುವುದು. ಗೂಟಿ ಕಟ್ಟಿದ ಸಸಿಯಲ್ಲಿಯೂ ಸವರುವ ಕತ್ತರಿಯಲ್ಲಿಯೂ ಅದು ಗಿಡದಿಂದ ಗಿಡಕ್ಕೆ ಹೋಗುವುದಂತೆ. ಹಿಂದೊಮ್ಮೆ ಅರ್ಧ ತೋಟವನ್ನೇ ಕಡಿದು ಸುಟ್ಟಿದ್ದನು. ಆ ಸಾಲ ಇನ್ನೂ ತೀರಿಲ್ಲ. ಈಗ ಒಂದೊಂದು ಗಿಡಕ್ಕೂ ಕತ್ತರಿಯನ್ನು ದ್ರಾವಣದಲ್ಲಿ ಅದ್ದಿಯೇ ಮುಂದುವರಿಯುವನು.

ಆ ಸಂಜೆ ತಂದೆಮಕ್ಕಳೊಳಗೆ ವಾದವೆದ್ದಿತು. ಕೊಯ್ಲಿಗೆ ಹತ್ತೇ ದಿನಗಳು. ಕೊನೆಯ ಸಾಲಿನಲ್ಲಿ ಚುಕ್ಕೆ ಕಂಡಿತ್ತು. ಔಷಧ ಸಿಂಪಡಿಸಬೇಕೆಂದು ಮಗನ ಹಟ. ಯೂರೋಪಿಗೆ ಹೋಗುವ ಹಣ್ಣಿನಲ್ಲಿ ಔಷಧದ ಶೇಷವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವರು. ಮಿತಿಮೀರಿದರೆ ಆ ಸರಕು ಅಲ್ಲಿಗೆ ಸಲ್ಲದು.

“ಮೇಷ್ಟ್ರೇ, ಹೊಡೆದರೆ ಪರದೇಶದವರು ಬೇಡವೆನ್ನುತ್ತಾರೆ, ಹೊಡೆಯದಿದ್ದರೆ ಊರಿನ ದಳ್ಳಾಳಿಯೇ ಬೇಡವೆನ್ನುತ್ತಾನೆ. ತಾವೇ ಹೇಳಿ” ಎಂದನು.

“ನನಗೇನು ತಿಳಿದೀತಪ್ಪಾ?” ಎಂದೆನು. ವ್ಯಾಕರಣವಾಗಿದ್ದರೆ ಹೇಳಬಹುದಿತ್ತು.

ಬೆಳಗಾಗುವುದರೊಳಗೆ ಅವನೇ ನಿರ್ಧರಿಸಿದ್ದನು. ಔಷಧವಿಲ್ಲ, ಚುಕ್ಕೆಯ ಸಾಲಿನ ಕಾಯಿಗಳನ್ನೆಲ್ಲ ಕಿತ್ತು ಬೇರೆಮಾಡಿಸಿದನು. ಮಗನು ಮಾತನಾಡದೆ ಬುಟ್ಟಿ ಹೊತ್ತನು.

ಮಧ್ಯಾಹ್ನ ಹಿರಿಯೂರಿನ ದಾರಿ ಹಿಡಿದು ಮಾರಿಕಣಿವೆಯಲ್ಲಿಳಿದೆನು. ವೇದಾವತಿಗೆ 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ವಾಣೀವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದು, ಮರಳಿ ಹರಿದುದು 2022ರಲ್ಲಿ. ಮಳೆಯನ್ನು ನಂಬಿದ ಸೀಮೆಯ ಲೆಕ್ಕ ಅದು! ಕಟ್ಟೆಯ ಬಳಿ ಕುಳಿತು ಚೀಲ ಬಿಚ್ಚಿದೆನು. ಶಿಷ್ಯನ ಹೆಂಡತಿಯು ಚುಕ್ಕೆಬಿದ್ದ ಆರು ಹಣ್ಣುಗಳನ್ನು ಹಾಕಿಕೊಟ್ಟಿದ್ದಳು. ಒಂದನ್ನು ಒಡೆದೆನು, ಒಳಗೆ ಕಲೆಯಿರಲಿಲ್ಲ.