ಮೊದಲ ತುತ್ತು

ಹೊರಗೆ ಊಟವೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಮ್ಮೂರ ಹೋಟೆಲಿನಲ್ಲೇ ಸಾರಿಗೆ ಬೆಳ್ಳುಳ್ಳಿ ಬಿದ್ದಿದೆಯೇ ಎಂದು ಮಾಣಿಯನ್ನು ಎರಡು ಸಲ ಕೇಳಿ, ಮೂರನೆಯ ಸಲ ಮೂಗಿನಿಂದ ಪರೀಕ್ಷಿಸಿ ಉಣ್ಣುವ ಪ್ರಾಣಿ ನಾನು. ಅಂಥವನು 2024ರ ಅಕ್ಟೋಬರಿನ ಒಂದು ಸಂಜೆ ಕೊರಿಯಾದ ಸೋಲ್ ನಗರದಲ್ಲಿ, ಗಿಡ್ಡ ಮೇಜಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆನೆಂದರೆ ಅದಕ್ಕೆ ಕಾರಣ ನನ್ನ ಮಗಳು.

ಓದಲೆಂದು ಹೋದವಳು ಅಲ್ಲಿಯೇ ಕೆಲಸ ಹಿಡಿದು, 2021ರಲ್ಲಿ ಅಲ್ಲಿಯ ಹುಡುಗನನ್ನೇ ಮದುವೆಯಾದಳು. ಆ ವರ್ಷ ಕೊರೋನಾದಿಂದಾಗಿ ವಿಮಾನಗಳ ಓಡಾಟ ಸರಿಯಿರಲಿಲ್ಲ. ಹೋಗದಿರುವುದಕ್ಕೆ ನನಗೊಂದು ಮರ್ಯಾದಸ್ಥ ನೆಪ ಸಿಕ್ಕಿತು. ಆಮೇಲೆ ವಿಮಾನಗಳು ಹಾರಿದವು, ನಾನು ಕದಲಲಿಲ್ಲ. ಮೂರು ವರ್ಷ ನಮ್ಮಿಬ್ಬರ ಮಾತು ನಡೆದದ್ದು ನನ್ನಾಕೆಯ ಮೂಲಕ. "ಅವರ ಮೊಳಕಾಲು ನೋವು ಹೇಗಿದೆಯಂತೆ?" ಎಂದು ಅವಳು; "ವಾಸಿ ಅಂತ ಹೇಳು" ಎಂದು ನಾನು. ಚಿಕ್ಕವಳು, ಅವಳೇ ಮೊದಲು ಮಾತಾಡಲಿ ಎಂಬುದು ನನ್ನ ವಾದ. ಕೊನೆಗೆ ನನ್ನಾಕೆ ಒಂದು ದಿನ ಎರಡು ಟಿಕೆಟ್ಟುಗಳನ್ನು ಮೇಜಿನ ಮೇಲಿಟ್ಟು, ಬೇಡವಾದರೆ ಒಂದನ್ನು ಹಿಂದಿರುಗಿಸಬಹುದೆಂದು ತಿಳಿಸಿದಳು. ನಾನು ಹೊರಟೆ. ಹೋಗಿ ಎರಡು ದಿನವಾದರೂ "ಅವರಿಗೆ ಕಾಫಿ ಬೇಕಂತಾ?" ಎಂಬಲ್ಲಿಂದ ಸಂಭಾಷಣೆ ಮುಂದುವರಿದಿರಲಿಲ್ಲ.

ನಮ್ಮನ್ನು ಕರೆದೊಯ್ದದ್ದು ಇನ್ಸಾದೊಂಗ್ ಎಂಬ ಹಳೆಯ ಬೀದಿಗೆ. ಕುಂಚ, ಕಾಗದ, ಚಹಾದ ಅಂಗಡಿಗಳನ್ನು ದಾಟಿ ಒಂದು ಓಣಿಯ ಕೊನೆಯಲ್ಲಿ ಬೌದ್ಧ ಮಠಗಳ ಪದ್ಧತಿಯಂತೆ ಅಡುಗೆ ಮಾಡುವ ಮನೆ. ಮಾಂಸವಿಲ್ಲ, ಮೀನಿಲ್ಲ; ಅಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ವರ್ಜ್ಯ. ಅವು ಮನಸ್ಸನ್ನು ಕೆರಳಿಸುತ್ತವಂತೆ. ನಮ್ಮಜ್ಜಿ ಹೇಳುತ್ತಿದ್ದ ಕಾರಣವೂ ಅದೇ!

ಹತ್ತು ಹನ್ನೆರಡು ಪುಟ್ಟ ಬಟ್ಟಲುಗಳು ಬಂದವು. ಸೊಪ್ಪಿನ ಪಲ್ಯ, ಬೇರಿನ ಪಲ್ಯ, ಅಣಬೆ, ಸೋಯಾ ಗಟ್ಟಿ, ಕೆಂಪಗೆ ಕಿಮ್ಚಿ. ಬೇರೆಡೆ ಕಿಮ್ಚಿಗೆ ಬೆಳ್ಳುಳ್ಳಿಯ ಜೊತೆಗೆ ಉಪ್ಪಿನಲ್ಲಿ ಕಳಿತ ಸೀಗಡಿಯೋ ಮೀನೋ ಬೀಳುತ್ತದೆ. ಮಠದ ಕಿಮ್ಚಿಗೆ ಅವಿಲ್ಲ. ಚಳಿಗಾಲದ ಮುಂಚೆ ಮನೆಮಂದಿ, ನೆರೆಹೊರೆ ಕೂಡಿ ರಾಶಿ ಕೋಸಿಗೆ ಮಸಾಲೆ ತುಂಬಿ ಕಿಮ್ಚಿ ಹಾಕುವುದಕ್ಕೆ ಕಿಮ್ಜಾಂಗ್ ಎನ್ನುತ್ತಾರೆ. 2013ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. "ನಮ್ಮ ಮಿಡಿ ಉಪ್ಪಿನಕಾಯಿ ಯಾಕೆ ಸೇರಿಸಲಿಲ್ಲವೋ!" ಎಂದಳು ನನ್ನಾಕೆ. ಕೊನೆಗೆ ತಾವರೆ ಎಲೆಯಲ್ಲಿ ಕಟ್ಟಿ ಬೇಯಿಸಿದ ಅನ್ನ ಬಂತು. ಎಲೆ ಬಿಚ್ಚಿದೊಡನೆ ಎದ್ದ ಹಬೆಯ ವಾಸನೆಗೆ ನನ್ನ ಬಿಗಿ ಅರ್ಧ ಸಡಿಲಿತು. ಅಳಿಯ ಎಡಗೈಯನ್ನು ಬಲ ಮೊಳಕೈಗೆ ತಾಗಿಸಿ, ನಾವು ದಕ್ಷಿಣೆ ಕೊಡುವ ಹಾಗೆ, ನನ್ನ ಲೋಟಕ್ಕೆ ನೀರು ಬಗ್ಗಿಸಿದ.

ಆಮೇಲೆ ಯಾರೂ ಉಣ್ಣಲಿಲ್ಲ.

ನಮ್ಮ ಪಂಕ್ತಿಯಲ್ಲಿ ಮನೆಯವರು "ಸಾವಕಾಶವಾಗಿ ಆಗಲಿ" ಎನ್ನದೆ ಅತಿಥಿ ಕೈ ಹಾಕುವುದುಂಟೆ? ನಾನು ಕಾದೆ. ಅಳಿಯ ಕೈಯನ್ನು ತೊಡೆಯ ಮೇಲಿಟ್ಟು ತಲೆ ತಗ್ಗಿಸಿ ಕೂತಿದ್ದ. ಮಗಳೂ ಹಾಗೆಯೇ. ಹಸಿವಿಲ್ಲವೋ, ನನ್ನ ಮೇಲಿನ ಕೋಪವೋ? ಹಬೆ ತೆಳ್ಳಗಾಗುತ್ತ ಬಂತು.

ಆಗ ಹಿಂದಿನಿಂದ ಒಂದು ಎಳೆಯ ಧ್ವನಿ ಸ್ಪಷ್ಟವಾಗಿ "ಅಪ್ಪಾ!" ಎಂದಿತು. ನಾನು ಗಕ್ಕನೆ ತಿರುಗಿದೆ. ಪಕ್ಕದ ಮೇಜಿನ ಹುಡುಗಿಯೊಬ್ಬಳು ತನ್ನ ತಂದೆಯ ತೋಳು ಜಗ್ಗುತ್ತಿದ್ದಳು. ಆ ದೇಶದ ಮಕ್ಕಳೂ ತಂದೆಯನ್ನು ಕರೆಯುವುದು ಹಾಗೆಯೇ ಎಂದು ನನಗೇನು ಗೊತ್ತು? ಎಳೆಯ ತುಟಿಗೆ ಸುಲಭವಾದ ಶಬ್ದ, ಎಲ್ಲಿಯೂ ಹುಟ್ಟೀತು, ಎಂದು ಈಗ ಸಮಾಧಾನವಾಗಿ ಹೇಳಬಲ್ಲೆ. ಆ ಕ್ಷಣದಲ್ಲಿ ಮಾತ್ರ ಅದು ಮೂರು ವರ್ಷಗಳಿಂದ ನಾನು ಕೇಳದಿದ್ದ ಶಬ್ದವಾಗಿತ್ತು.

ಇತ್ತ ತಿರುಗಿದಾಗ ಮಗಳು ನನ್ನನ್ನೇ ನೋಡುತ್ತಿದ್ದಳು. ನಾನು ಯಾರ ಧ್ವನಿಗೆ ತಿರುಗಿದೆನೆಂದು ಅವಳಿಗೆ ತಿಳಿದಿತ್ತು.

"ಅಪ್ಪ," ಎಂದಳು, "ಇಲ್ಲಿ ಹಿರಿಯರು ಚಮಚ ಎತ್ತೋ ತನಕ ಚಿಕ್ಕವರು ಎತ್ತೋ ಹಾಗಿಲ್ಲ. ನಿಮಗೋಸ್ಕರ ಕಾಯ್ತಾ ಇದ್ದೀವಿ."

ಹಿರಿತನವೆಂದರೆ ಇತರರನ್ನು ಕಾಯಿಸುವ ಹಕ್ಕು ಎಂದೇ ನಾನು ತಿಳಿದಿದ್ದೆ. ಮೊದಲು ಶುರುಮಾಡುವ ಹೊಣೆಯೂ ಅದರೊಳಗಿದೆಯೆಂದು ಎಪ್ಪತ್ತರ ಹತ್ತಿರ ಬಂದರೂ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲವೇನೋ.

ಉಕ್ಕಿನ ಚಮಚ ಎತ್ತಿದೆ. "ಊಟ ಮಾಡಮ್ಮ," ಎಂದೆ. ಅಳಿಯನ ಕಡೆಗೂ ಕೈ ತೋರಿಸಿದೆ. "ಆಗಲಿ, ಮಾವ" ಎಂದು ಅವನು ಬಾಯಿಪಾಠ ಮಾಡಿದ ಕನ್ನಡದಲ್ಲಿ ಹೇಳಿ ಚಮಚಕ್ಕೆ ಕೈ ಹಾಕಿದ.

ಈ ಸ್ಥಳವನ್ನು ಗೊತ್ತುಮಾಡುವ ಮುಂಚೆ ಅವನು ಎರಡು ಸಲ ಫೋನು ಮಾಡಿ, ಬೆಳ್ಳುಳ್ಳಿ ಇಲ್ಲ ತಾನೆ ಎಂದು ವಿಚಾರಿಸಿದ್ದನಂತೆ. ಮನೆಗೆ ಹಿಂದಿರುಗುವಾಗ ಮಗಳು ಹೇಳಿದಳು, ತಾಯಿಗಲ್ಲ, ನನಗೇ.

ಊಟ ಚೆನ್ನಾಗಿತ್ತು. ಅನ್ನ ಮಾತ್ರ ಆರಿತ್ತು. ಆರಿಸಿದವನು ನಾನೇ.